ಸಿಎಸ್‌ವಿಯನ್ನು ತುಂಡು ಮಾಡಿ ಓದಿಸಿದ ನನ್ನ ಅನುಭವ

ಸಿಎಸ್‌ವಿ ಅಂದರೆ ಅಲ್ಪವಿರಾಮದಿಂದ ಕಾಲಮ್ಮುಗಳನ್ನು ಬೇರೆ ಮಾಡಿದ ಪಠ್ಯದ ಫೈಲು. ಕೋಟ್ ಗುರುತಿನ (") ಒಳಗೆ ಹೊಸ ಸಾಲು ಬರುವ ಅಂಥ ಫೈಲನ್ನು ಪ್ಯಾರಲಲ್ ಆಗಿ, ಅಂದರೆ ತುಂಡುಗಳನ್ನು ಒಟ್ಟೊಟ್ಟಿಗೆ, ಪಾರ್ಸ್ ಮಾಡಲಿಕ್ಕೆ (ಕಾಲಮ್ಮುಗಳಾಗಿ ಬಿಡಿಸಲಿಕ್ಕೆ) ಸಾಧ್ಯವೇ ಇಲ್ಲ ಅಂತ ಮಣಿಪಾಲದ ಗೆಳೆಯರು ಖಡಾಖಂಡಿತವಾಗಿ ಹೇಳಿದ್ದರು. ಸಾಧ್ಯ ಉಂಟು. ಕಳೆದ ಮಳೆಗಾಲದಿಂದ ಮಂಗಳೂರಿನ ನನ್ನ ಆಫೀಸಿನಲ್ಲಿ ದಿನಾ ರಾತ್ರಿ ಓಡುತ್ತಿದೆ.

ಬೈಂದೂರಿನಿಂದ ಉಳ್ಳಾಲದವರೆಗಿನ ಅಂಗಡಿಗಳ ಬಿಲ್ಲು, ಒಂದೇ ಫೈಲು, ಹತ್ತಿರ ಹತ್ತಿರ 38 ಜಿಬಿ. ಹೊಸ ಸಾಲುಗಳನ್ನು ಮಾತ್ರ ಕಳಿಸಿ ಅಂದರೆ ಫೈಲು ಕಳಿಸುವವರು ಕೇಳುವುದಿಲ್ಲ, ರಾತ್ರಿ ರಾತ್ರಿ ಪೂರ್ತಿ ಫೈಲೇ ಬರುತ್ತದೆ. ನಮ್ಮೂರಿನ ವಿಳಾಸ ಗೊತ್ತಲ್ಲ, ಮನೆ ಹೆಸರು ಒಂದು ಸಾಲು, 'ಅಂಚೆ ಮತ್ತು ಗ್ರಾಮ' ಇನ್ನೊಂದು ಸಾಲು. ಹಾಗಾಗಿ ಸಾಲು ಮುರಿದಲ್ಲಿ ರೆಕಾರ್ಡ್ ಮುಗಿಯಿತು ಅನ್ನುವ ಹಾಗಿಲ್ಲ.

ಮೊದಲು ಪೈಥಾನಿನಲ್ಲಿ ನೋಡಿದೆ. ಅದರ ಥ್ರೆಡ್ಡುಗಳು (ಒಂದೇ ಪ್ರೋಗ್ರಾಮಿನೊಳಗೆ ಒಟ್ಟಿಗೆ ಓಡುವ ಕೆಲಸದ ಎಳೆಗಳು) ಜಿಐಎಲ್, ಅಂದರೆ ಒಂದು ಸಲಕ್ಕೆ ಒಂದೇ ಥ್ರೆಡ್ಡನ್ನು ಓಡಲು ಬಿಡುವ ಪೈಥಾನಿನ ಬೀಗದ ಕೈಗೆ ಸಿಕ್ಕಿ ಒಂದೇ ಕೋರಿನಲ್ಲಿ ಸಾಲಾಗಿ ನಿಂತವು. ಬೇರೆ ಬೇರೆ ಪ್ರೋಗ್ರಾಮುಗಳಾಗಿ ಓಡಿಸುವ ಮಲ್ಟಿಪ್ರೊಸೆಸಿಂಗ್‌ನಲ್ಲಿ ಪಾರ್ಸ್ ಮಾಡುವುದಕ್ಕಿಂತ ಫಲಿತಾಂಶವನ್ನು ಪಿಕಲ್ ಮಾಡಿ (ಬೈಟುಗಳಾಗಿ ಕಟ್ಟಿ) ವಾಪಸು ಕಳಿಸುವುದಕ್ಕೇ ಹೆಚ್ಚು ಹೊತ್ತು. ಕ್ಲೌಡಿನಲ್ಲಿ ದೊಡ್ಡ ಮೆಷಿನ್ ಹಿಡಿದದ್ದಕ್ಕೆ ತಿಂಗಳಿಗೆ ಹದಿನೆಂಟು ಸಾವಿರದ ಆಸುಪಾಸು ಹೋಯಿತು, ವೇಗ ಬರಲಿಲ್ಲ. ಕೊನೆಗೆ ಐವತ್ತೈದು ಸಾವಿರದೊಳಗೆ ಎಂಟು ಕೋರಿನ ಸೆಕೆಂಡ್ ಹ್ಯಾಂಡ್ ಮೆಷಿನ್, ಒಳ್ಳೆಯ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ ಡಿಸ್ಕ್), ಮಳೆಗಾಲದ ಕರೆಂಟಿಗೆ ಒಂದು ಯುಪಿಎಸ್ ತಂದು, ಎಲ್ಲ ಸಿ ಪ್ಲಸ್ ಪ್ಲಸ್‌ನಲ್ಲಿ ಹೊಸದಾಗಿ ಬರೆದೆ.

ಉಪಾಯ ಇಷ್ಟೆ. ಮೊದಲ ಸುತ್ತಿನಲ್ಲಿ ಪಾರ್ಸ್ ಮಾಡುವುದೇ ಬೇಡ. ಪ್ರತಿ ತುಂಡಿನಲ್ಲಿ ಕೋಟ್‌ಗಳು ಸಮವೋ ಬೆಸವೋ, ಅಷ್ಟನ್ನೇ ಎಣಿಸಿ. ಅದನ್ನು ಮೊದಲಿನಿಂದ ಕೂಡಿಸುತ್ತಾ ಬಂದರೆ ಯಾವ ತುಂಡು ಕೋಟ್‌ನ ಒಳಗೆ ಶುರುವಾಗುತ್ತದೆ, ಯಾವುದು ಹೊರಗೆ ಅಂತ ತಿಳಿಯುತ್ತದೆ: ಅಲ್ಲಿಯವರೆಗಿನ ಮೊತ್ತ ಬೆಸವಾದರೆ ಒಳಗೆ, ಸಮವಾದರೆ ಹೊರಗೆ. ಎರಡನೇ ಸುತ್ತಿನಲ್ಲಿ ಕೋಟ್‌ನ ಹೊರಗೆ ಸಿಗುವ ಮೊದಲ ಹೊಸ ಸಾಲಿನಿಂದ ನಿಜವಾದ ಕೆಲಸ. ತುಂಡಿನ ಕೊನೆಯ ರೆಕಾರ್ಡನ್ನು ಗಡಿ ದಾಟಿ ಅದೇ ಥ್ರೆಡ್ ಮುಗಿಸುತ್ತದೆ. ಕೋಟ್‌ನ ಒಳಗೆ ಕೋಟ್ ಬರೆಯಲಿಕ್ಕೆ ಹಾಕುವ ಜೋಡಿ ಕೋಟ್ ("") ಎರಡು ಸಲ ಎಣಿಕೆಗೆ ಬರುವುದರಿಂದ ಲೆಕ್ಕ ತಪ್ಪುವುದಿಲ್ಲ. ಗಡಿ ಕನ್ನಡ ಅಕ್ಷರದ ಮಧ್ಯದಲ್ಲಿ ಬಿದ್ದರೂ ಭಯವಿಲ್ಲ: ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಅದರ ಮೂರೂ ಬೈಟುಗಳು 127ಕ್ಕಿಂತ ಮೇಲೆ, ಕೋಟ್ 34, ಹೊಸ ಸಾಲು 10.

ನಿದ್ದೆಗೆಡಿಸಿದ್ದು ಹಾರ್ಡ್‌ವೇರ್ ಅಂಗಡಿಗಳು. 'ಪಿವಿಸಿ ಪೈಪ್ 4"' ಅಂತ ಕೋಟ್ ಇಲ್ಲದ ಕಾಲಮ್ಮಿನಲ್ಲಿ ಇಂಚಿನ ಗುರುತು! ಅದೊಂದು ಬಂದರೆ ಅಲ್ಲಿಂದ ಮುಂದಿನ ಒಳಗೆಲ್ಲ ಹೊರಗೆ, ಹೊರಗೆಲ್ಲ ಒಳಗೆ. ಅದನ್ನು ಮೊದಲ ಸುತ್ತಿನಲ್ಲೇ ಹೇಗೆ ಹಿಡಿಯುತ್ತೇನೆ ಅಂತ ಬಿಡಿಸಿ ಹೇಳುವುದಿಲ್ಲ, ನನ್ನ ಅನ್ನ ಅದರಲ್ಲಿ ಉಂಟು. ಕೋಟ್‌ನ ಹಿಂದಿನ ಬೈಟನ್ನು ನೋಡಿ, ಅರ್ಧ ದಾರಿ ಸಿಗುತ್ತದೆ.

ಫೈಲನ್ನು ಎಂಟು ಸಮಪಾಲು ಮಾಡಬೇಡಿ. ವಿಳಾಸ ಹೆಚ್ಚಿರುವ ಪಾಲು ಹಿಂದೆ ಉಳಿದು ಉಳಿದ ಕೋರುಗಳು ಸುಮ್ಮನೆ ಕೂರುತ್ತವೆ. 64 ಎಂಬಿಯ ತುಂಡುಗಳನ್ನು ಕ್ಯೂನಲ್ಲಿ ಇಡಿ, ಕೈ ಖಾಲಿಯಾದ ಥ್ರೆಡ್ ಎತ್ತಿಕೊಳ್ಳಲಿ. ಪ್ರತಿ ಥ್ರೆಡ್ಡಿಗೂ ಅದರದ್ದೇ ಔಟ್‌ಪುಟ್ ಫೈಲ್, ಒಂದು ಇನ್ನೊಂದಕ್ಕೆ ಕಾಯುವ ಲಾಕ್ ಎಲ್ಲೂ ಇಲ್ಲ.

ಇದೇ ಕೋಡ್ ಒಂದೇ ಕೋರಿನಲ್ಲಿ ಹನ್ನೆರಡು ನಿಮಿಷದ ಹತ್ತಿರ ತೆಗೆದುಕೊಳ್ಳುತ್ತದೆ, ಎಂಟರಲ್ಲಿ ಎರಡು ನಿಮಿಷದೊಳಗೆ. ಹದಿನಾರು ಥ್ರೆಡ್ ಹಾಕಿದರೆ ಹೆಚ್ಚಿನ ಲಾಭವಿಲ್ಲ. 2019ರಲ್ಲಿ ಬಂದ ಸಿಮ್ಡ್‌ಜೇಸನ್ ಎಂಬ ವೇಗದ ಜೇಸನ್ ಪಾರ್ಸರ್ ಕೂಡ ಸಮ-ಬೆಸದ ಲೆಕ್ಕವನ್ನೇ 64 ಬೈಟಿಗೊಮ್ಮೆ ಕ್ಯಾರಿ ಇಲ್ಲದ ಗುಣಾಕಾರ ಎಂಬ ಪ್ರೊಸೆಸರಿನ ಸೂಚನೆಯಲ್ಲಿ ಮುಗಿಸುತ್ತದೆ. ಅದನ್ನೂ ಜೋಡಿಸಿ ನೋಡಿದೆ. ಮೊದಲ ಸುತ್ತಿಗೆ ಡಿಸ್ಕೇ ಅಡ್ಡ ನಿಂತಿದ್ದರಿಂದ ಗಡಿಯಾರ ಅಲುಗಲಿಲ್ಲ.

ಈಗ ಉಳಿದಿರುವುದು ಜಿಜಿಪ್, ಫೈಲನ್ನು ಕುಗ್ಗಿಸಿ ಕಳಿಸುವ ಕಟ್ಟು. ಪಾರ್ಸಿಂಗಿಗಿಂತ ಬಿಚ್ಚುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತಿದೆ, ಆ ಸ್ಟ್ರೀಮನ್ನು ನಡುವಿನಿಂದ ಶುರು ಮಾಡುವುದೂ ಸುಲಭವಲ್ಲ. ಬೇರೆ ಬೇರೆ ತುಂಡುಗಳಾಗಿ ಕಂಪ್ರೆಸ್ ಮಾಡಿ ಕಳಿಸಿ ಅಂತ ಅವರಿಗೆ ಕೇಳಿದ್ದೇನೆ.