ಫೈಬರ್ ಹಾಯಿದೋಣಿಗೆ ಮೊದಲ ಪದರ ಹಾಕುವ ಬಗೆ

ಮಲ್ಪೆಯಲ್ಲಿ ಅಪ್ಪ ಶುರು ಮಾಡಿದ ದೋಣಿ ಶೆಡ್ಡಿನಲ್ಲಿ ಈಗ ನಾನು, ತಮ್ಮ, ನನ್ನ ಮಗಳು ಕೆಲಸ ಮಾಡುತ್ತೇವೆ. ಮೀನಿನ ದೋಣಿಗಳ ಜೊತೆ ಚಿಕ್ಕ ಹಾಯಿದೋಣಿಗಳನ್ನೂ ಕಟ್ಟುತ್ತೇವೆ. ದೊಡ್ಡ ಜಾಗ ಬೇಕು ಅಂತ ಹಿಂಜರಿಯಬೇಡಿ. ಅಮೆರಿಕದ ರಾಡ್ ಜಾನ್‌ಸ್ಟೋನ್ 24 ಅಡಿಯ ಫೈಬರ್ ಹಾಯಿದೋಣಿ ಕಟ್ಟಿದ್ದು ಮನೆಯ ಗ್ಯಾರೇಜಿನಲ್ಲೇ. ಆಮೇಲೆ 1977ರಲ್ಲಿ ಅಣ್ಣ ಬಾಬ್ ಜೊತೆ ಸೇರಿ ಜೆ ಬೋಟ್ಸ್ ಕಂಪನಿ ಮಾಡಿದರು.

ಮೋಲ್ಡಿಗೆ, ಅಂದರೆ ದೋಣಿಯ ಅಚ್ಚಿಗೆ, ದೋಣಿ ಅಂಟಿಕೊಳ್ಳದ ಹಾಗೆ ಚೆನ್ನಾಗಿ ವ್ಯಾಕ್ಸ್ ತಿಕ್ಕಿ. ಹೊಸ ಮೋಲ್ಡ್ ಆದರೆ ಏಳೆಂಟು ಸಲ. ಮೇಲೆ ಅರ್ಧ ಮಿಲಿಮೀಟರ್ ದಪ್ಪಕ್ಕೆ ಜೆಲ್ ಕೋಟ್, ಅಂದರೆ ದೋಣಿಯ ಹೊರಮೈಯಾಗುವ ಬಣ್ಣದ ಲೇಪ. ದಪ್ಪ ಜಾಸ್ತಿಯಾದರೆ ಬಿರುಕು ಬಿಡುತ್ತದೆ. ಬೆರಳಿಟ್ಟರೆ ಅಂಟಬೇಕು, ಬಣ್ಣ ಮಾತ್ರ ಬೆರಳಿಗೆ ಬರಬಾರದು. ಆಗ ಮ್ಯಾಟ್, ಅಂದರೆ ಗಾಜಿನ ನಾರಿನ ಹಾಸು, ಹಾಕುವ ಹೊತ್ತು.

ಮ್ಯಾಟನ್ನು ಹಿಡಿದಿಡುವ ಅಂಟುದ್ರವವೇ ರೆಸಿನ್. ಅದಕ್ಕೆ ಮೊದಲು ಕೋಬಾಲ್ಟ್ (ಬೇಗ ಗಟ್ಟಿಯಾಗಲು ಹಾಕುವ ದ್ರಾವಣ) ಹಾಕಿ ಪೂರ್ತಿ ಕಲಸಿ. ಆಮೇಲೆ ಕಿಲೋ ರೆಸಿನ್ನಿಗೆ 10ರಿಂದ 20 ಮಿ.ಲೀ. ಹಾರ್ಡನರ್, ಅಂದರೆ ಅದನ್ನು ಗಟ್ಟಿ ಮಾಡುವ ದ್ರವ. ಕೋಬಾಲ್ಟನ್ನೂ ಹಾರ್ಡನರನ್ನೂ ನೇರವಾಗಿ ಬೆರೆಸಲೇಬೇಡಿ, ಸಿಡಿದು ಬೆಂಕಿ ಹತ್ತುತ್ತದೆ. ನಮ್ಮಲ್ಲಿ ಎರಡೂ ಬಾಟಲಿ ಬೇರೆ ಬೇರೆ ಕಪಾಟಿನಲ್ಲಿವೆ.

ಮೊದಲ ಪದರಕ್ಕೆ 300 ಗ್ರಾಂ ಮ್ಯಾಟ್ (ಚದರ ಮೀಟರಿಗೆ ಅಷ್ಟು ತೂಗುವಂಥದ್ದು) ಸಾಕು, ಅದು ಮೂಲೆಗಳಲ್ಲಿ ಚೆನ್ನಾಗಿ ಕೂರುತ್ತದೆ. ಮೊದಲು ಮೋಲ್ಡಿಗೆ ರೆಸಿನ್ ಬಳಿಯಿರಿ, ಅದರ ಮೇಲೆ ಮ್ಯಾಟ್ ಹಾಸಿ. ಒಂದು ಕಿಲೋ ಮ್ಯಾಟಿಗೆ ಸುಮಾರು ಎರಡೂವರೆ ಕಿಲೋ ರೆಸಿನ್ ಹಿಡಿಯುತ್ತದೆ. ಬ್ರಷ್ ಎಳೆಯಬೇಡಿ, ಕುಟ್ಟಿ. ಬಿಳಿ ಮ್ಯಾಟ್ ನಿಧಾನಕ್ಕೆ ಕರಗಿದ ಹಾಗೆ ಪಾರದರ್ಶಕ ಆಗುತ್ತದೆ. ಆಮೇಲೆ ಗೀರುಗಳಿರುವ ಕಬ್ಬಿಣದ ರೋಲರ್ ಹಿಡಿದು, ನಡುವಿನಿಂದ ಅಂಚಿಗೆ ಗಾಳಿಗುಳ್ಳೆ ಓಡಿಸಿ. ಇಲ್ಲಿ ಅವಸರ ಬೇಡವೇ ಬೇಡ. ಈ ಪದರ ಗಟ್ಟಿಯಾದ ಮೇಲೆ 450 ಗ್ರಾಂ ಮ್ಯಾಟ್, ನೇಯ್ದ ರೋವಿಂಗ್ (ಗಾಜಿನ ನಾರಿನ ದಪ್ಪ ಬಟ್ಟೆ) ಒಂದರ ಮೇಲೊಂದು ಹಾಕಿದರಾಯಿತು.

ಒಂದು ಮಳೆಗಾಲ ಥಂಡಿ ಹಿಡಿದ ಮ್ಯಾಟನ್ನೇ ಹಾಕಿಬಿಟ್ಟೆವು. ಮುಂದಿನ ವರ್ಷ ದೋಣಿ ವಾಪಸ್ ಬಂತು, ತಳದ ತುಂಬ ನೀರುಗುಳ್ಳೆ. ಅಪ್ಪ ಒಂದು ಮಾತೂ ಆಡದೆ ಉಜ್ಜಲು ಕೂತರು. ಅವರ ಪಕ್ಕದಲ್ಲಿ ಹನ್ನೊಂದು ದಿನ ನಾನೂ ಉಜ್ಜಿದೆ. ದುಡ್ಡು ತೆಗೆದುಕೊಳ್ಳಲಿಲ್ಲ. ಅಂದಿನಿಂದ ಜೂನ್ ಬಂತೆಂದರೆ ಮ್ಯಾಟ್ ಸುರುಳಿಗಳ ಪಕ್ಕ ಹಗಲೂ ರಾತ್ರಿ ಬಲ್ಬ್ ಉರಿಯುತ್ತದೆ.

ಮೋಲ್ಡಿನಿಂದ ಬಿಡಿಸಿದ ಮೇಲೆ ಒಂದು ನಾಣ್ಯ ಹಿಡಿದು ಮೈಯೆಲ್ಲ ತಟ್ಟಿ. ‘ಟಣ್’ ಅಂದರೆ ಸರಿ, ‘ಡಬ್’ ಅಂದರೆ ಒಳಗೆ ಗಾಳಿ ಇದೆ. ಇದರಲ್ಲಿ ಮಗಳ ಕಿವಿ ನನಗಿಂತ ಚುರುಕು. ಅವಳು ಸೀಮೆಸುಣ್ಣದಲ್ಲಿ ಗುರುತು ಹಾಕಿದ ಕಡೆಯೆಲ್ಲ ನಾನು ಗ್ರೈಂಡರ್ ಹಿಡಿಯುತ್ತೇನೆ.