‘ಟಿಕೆಟ್ ತಗೊಂಡಿದ್ದೀನಲ್ಲ!’

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಸುಮ್ನೆ ಮನೆಯಲ್ಲಿ ಕೂರೋದು ಬೇಡ ಅಂತ ಒಂದು ಚಿಕ್ಕ ಟ್ರಸ್ಟಿಗೆ ಖಜಾಂಚಿಯಾದೆ. ಶಿವಮೊಗ್ಗದಲ್ಲಿ ಅಂಗವಿಕಲ ಮಕ್ಕಳಿಗಾಗಿ ಹಗಲು ಹೊತ್ತಿನ ಕೇಂದ್ರ ನಡೆಸುವ ಟ್ರಸ್ಟ್ ಅದು. ನಾವು ಒಂಬತ್ತು ಜನ ಟ್ರಸ್ಟಿಗಳು. ಒಬ್ಬರು ಡಾಕ್ಟರು, ಒಬ್ಬರು ವಕೀಲರು, ಒಬ್ಬರು ಅಡಿಕೆ ವ್ಯಾಪಾರಿ, ಒಬ್ಬರು ನಿವೃತ್ತ ಮುಖ್ಯೋಪಾಧ್ಯಾಯಿನಿ, ಹೀಗೆ. ಟೀಚರ್‌ಗಳ ಸಂಬಳ, ಫಿಸಿಯೋಥೆರಪಿಸ್ಟ್ ಸಂಬಳ, ವ್ಯಾನಿನ ಡೀಸೆಲ್ ಎಲ್ಲ ಸೇರಿಸಿದರೆ ಪ್ರತಿ ವರ್ಷ ಸುಮಾರು 4 ಲಕ್ಷ ಕಡಿಮೆ ಬೀಳುತ್ತಿತ್ತು.

2018ರಲ್ಲಿ ಟ್ರಸ್ಟಿಯೊಬ್ಬರ ಮಗ ಬೆಂಗಳೂರಿನಿಂದ ಬಂದಿದ್ದ. ಅಲ್ಲಿ ದೊಡ್ಡ ಹೋಟೆಲಿನಲ್ಲಿ ದೇಣಿಗೆ ಎತ್ತೋಕೆ ನಡೆದ ಗಾಲಾ ಡಿನ್ನರ್ ನೋಡಿದ್ದನಂತೆ. ಒಂದೊಂದು ಟೇಬಲ್ಲನ್ನೂ ಕಂಪನಿಗಳು ಲಕ್ಷಗಟ್ಟಲೆ ಕೊಟ್ಟು ಹಿಡಿಯುತ್ತವೆ, ಊಟದ ಮಧ್ಯೆ ಹರಾಜು ಬೇರೆ. ನಾವೂ ಮಾಡೋಣ ಅಂದ. ನಮ್ಮವರ ಕಣ್ಣು ಹೊಳೆಯಿತು. ನಮ್ಮೂರಿಗೆ ಹೊಂದುವ ಹಾಗೆ ಅದು ‘ಸಹಾಯಾರ್ಥ ರಸಮಂಜರಿ ಮತ್ತು ಭೋಜನ’ ಆಯಿತು. ಸಹಾಯಾರ್ಥ ನಾಟಕ, ಸಹಾಯಾರ್ಥ ಯಕ್ಷಗಾನ ಎಲ್ಲ ನಮ್ಮ ಕಡೆ ಹೊಸದೇನಲ್ಲ ನೋಡಿ.

ಮೂರು ತಿಂಗಳು ಬೇರೆ ಕೆಲಸವೇ ಆಗಲಿಲ್ಲ. ಆರ್ಕೆಸ್ಟ್ರಾ, ಸಭಾಂಗಣ, ಮೈಕು, ಲೈಟು, ಪೊಲೀಸ್ ಅನುಮತಿ, ಅಡುಗೆಯವರು. ಇವೆಲ್ಲಕ್ಕಿಂತ ಜಾಸ್ತಿ ಸುಸ್ತು ಮಾಡಿದ್ದು ಗೌರವ ಪಾಸು. ‘ಸಾಹೇಬ್ರಿಗೆ ಎರಡು, ಮನೆಯವರಿಗೆ ನಾಲ್ಕು’ ಅಂತ ಫೋನ್ ಮೇಲೆ ಫೋನ್. ಮಾರಿದ್ದು 500 ರೂಪಾಯಿಯ 316 ಟಿಕೆಟ್, ಪುಕ್ಕಟೆ ಕೊಟ್ಟಿದ್ದು ನೂರೈವತ್ತರ ಹತ್ತಿರ. ಮುಂದಿನ ಸೋಫಾಗಳಲ್ಲಿ ಕೂತವರೆಲ್ಲ ಪುಕ್ಕಟೆಯವರೇ.

ಮುಖ್ಯ ಅತಿಥಿ ಒಂದೂವರೆ ಗಂಟೆ ತಡವಾಗಿ ಬಂದರು. ಆಮೇಲೆ ಶಾಲು, ಹಾರ, ಪೇಟ, ಫಲತಾಂಬೂಲ, ಭಾಷಣ. ನಮ್ಮ ಮಕ್ಕಳ ಹಾಡು ಏಳು ಗಂಟೆಗೆ ಇತ್ತು. ಅವರು ವೇದಿಕೆ ಹತ್ತಿದಾಗ ಒಂಬತ್ತೂವರೆ. ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಲೇಬೇಕು. ಒಂದು ಹುಡುಗಿ ಗಾಲಿಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು. ಅವಳನ್ನು ಎಬ್ಬಿಸಿ ಲೈಟಿನ ಮುಂದೆ ತಂದಾಗ ಜೋರಾಗಿ ಅತ್ತಳು. ಸಭೆ ಚಪ್ಪಾಳೆ ಹೊಡೆಯಿತು. ಯಾಕೆ ಹೊಡೆದರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮಾರನೇ ದಿನ ಎಲ್ಲರೂ ‘ಭರ್ಜರಿ ಕಾರ್ಯಕ್ರಮ’ ಅಂದರು. ನಾನು ಲೆಕ್ಕದ ಪುಸ್ತಕ ತೆಗೆದೆ. ಟಿಕೆಟಿನಿಂದ 1,58,000. ಸ್ಮರಣ ಸಂಚಿಕೆಯ ಜಾಹೀರಾತಿನಿಂದ 1,40,000. ಅಲ್ಲಲ್ಲಿ ಕೊಟ್ಟ ದೇಣಿಗೆ 88,000. ಒಟ್ಟು 3,86,000. ಖರ್ಚು 2,71,000. ಉಳಿದಿದ್ದು 1,15,000. ಪರವಾಗಿಲ್ಲ ಅಲ್ವಾ? ಆದರೆ ಸ್ಮರಣ ಸಂಚಿಕೆಗೆ ರಸಮಂಜರಿಯೇ ಬೇಕಿರಲಿಲ್ಲ. ಅದರ ಮುದ್ರಣಕ್ಕೆ 32,000 ಹೋಗಿತ್ತು, ಅಂದರೆ ಸಂಚಿಕೆಯೊಂದರಿಂದಲೇ 1,08,000 ಉಳಿದಿತ್ತು. ಅದನ್ನು ಬದಿಗಿಟ್ಟರೆ ಮೂರು ತಿಂಗಳ ಓಡಾಟಕ್ಕೆ ಸಿಕ್ಕಿದ್ದು ಏಳು ಸಾವಿರ ರೂಪಾಯಿ.

ಅದೂ ನಿಜವಾದ ಲೆಕ್ಕ ಅಲ್ಲ ಅಂತ ಮಾರ್ಚಿಯಲ್ಲಿ ಗೊತ್ತಾಯಿತು. ಪ್ರತಿ ವರ್ಷ ತಪ್ಪದೆ ಐದೈದು ಸಾವಿರ ಕೊಡುತ್ತಿದ್ದ ಹನ್ನೊಂದು ಮಂದಿಗೆ ಎಂದಿನಂತೆ ಫೋನ್ ಮಾಡಿದೆ. ಹನ್ನೊಂದೂ ಜನರದ್ದು ಒಂದೇ ಮಾತು: ‘ಈ ಸಲ ಟಿಕೆಟ್ ತಗೊಂಡಿದ್ದೀನಲ್ಲ ಸಾರ್!’ ತಗೊಂಡಿದ್ದು ಎರಡೆರಡು ಟಿಕೆಟ್. ಐದು ಸಾವಿರ ಬರುವ ಕಡೆ ಒಂದು ಸಾವಿರ ಬಂದಿತ್ತು. ತಲೆಗೆ ನಾಲ್ಕು ಸಾವಿರದಂತೆ 44,000 ಖೋತಾ. ಅವರ ತಪ್ಪೇನೂ ಇಲ್ಲ. ನಾವೇ ಅವರ ದಾನವನ್ನು ಖರೀದಿ ಮಾಡಿಬಿಟ್ಟಿದ್ದೆವು. ಇನ್ನೂ ಇಬ್ಬರು ಟಿಕೆಟ್ ದುಡ್ಡಿಗೆ 80ಜಿ ರಸೀದಿ, ಅಂದರೆ ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಪಡೆಯೋ ರಸೀದಿ, ಕೇಳಿದರು. ಅದನ್ನು ಕೊಡೋ ಹಾಗಿರಲಿಲ್ಲ. ದುಡ್ಡಿಗೆ ಬದಲಾಗಿ ಹಾಡು, ಊಟ ಕೊಟ್ಟಾಗಿತ್ತಲ್ಲ.

2019ರ ಸಭೆಯಲ್ಲಿ ಈ ಲೆಕ್ಕದ ಹಾಳೆ ಓದಿದೆ. ಈ ವರ್ಷ ಕಾರ್ಯಕ್ರಮ ಬೇಡ, ಒಬ್ಬೊಬ್ಬರೂ ಗುರುತಿನ ಹತ್ತು ಹೆಸರು ಬರೆದುಕೊಡಿ, ಅವರ ಮನೆಗೆ ನಾವೇ ಹೋಗೋಣ ಅಂದೆ. ಎಲ್ಲರೂ ಕಾಫಿ ಲೋಟ ನೋಡುತ್ತಾ ಕೂತರು. ವಕೀಲರು ಕೊನೆಗೆ ಬಾಯಿ ಬಿಟ್ಟರು: ‘ಕೈ ಚಾಚೋದು ಹೆಂಗೆ ಸ್ವಾಮಿ?’ ಅಲ್ಲಿಗೆ ಗುಟ್ಟು ಹೊರಬಿತ್ತು. ಎದುರು ಕೂತು ದುಡ್ಡು ಕೇಳೋಕೆ ನಮಗೆ ಸಂಕೋಚ. ಅದಕ್ಕೇ ಆರ್ಕೆಸ್ಟ್ರಾ ಕೈಯಲ್ಲಿ ಕೇಳಿಸಿದ್ದೆವು.

ಮುಖ್ಯೋಪಾಧ್ಯಾಯಿನಿ ಇನ್ನೊಂದು ಪ್ರಶ್ನೆ ಹಾಕಿದರು. ‘ನಾವು ಒಂಬತ್ತು ಜನ ಎಷ್ಟೆಷ್ಟು ಕೊಟ್ಟಿದ್ದೀವಿ?’ ಖಜಾಂಚಿಗೆ ಎಲ್ಲರ ಲೆಕ್ಕವೂ ಗೊತ್ತು. ನನ್ನದು ಅಲ್ಲಿಯವರೆಗೆ ವರ್ಷಕ್ಕೆ 1,116 ರೂಪಾಯಿ, ಮದುವೆ ಮುಯ್ಯಿ ಬರೆಸಿದ ಹಾಗೆ. ಮುಖ ಕೆಂಪಾಯಿತು. ಆ ವರ್ಷ 15,000ದ ಚೆಕ್ ಬರೆದೆ. ಇಷ್ಟೇ ಕೊಡಿ ಅಂತ ಯಾರಿಗೂ ಹೇಳಲಿಲ್ಲ, ಆದರೆ ಒಂಬತ್ತು ಜನರೂ ಕೊಟ್ಟ ಮೇಲೇ ಹೊರಗೆ ಹೊರಟೆವು. ಒಟ್ಟು 1,05,000 ಆಯಿತು.

ನನ್ನ ಮೊದಲ ಭೇಟಿ ಒಂದು ಅಡಿಕೆ ಮಂಡಿಗೆ. ಇಪ್ಪತ್ತು ನಿಮಿಷ ಟ್ರಸ್ಟಿನ ಇತಿಹಾಸ ಹೇಳಿದೆ, ಮೊತ್ತ ಮಾತ್ರ ಹೇಳಲಿಲ್ಲ. ಅವರು ಪಾಪ, ಗಲ್ಲಾಪೆಟ್ಟಿಗೆಯಿಂದ 501 ತೆಗೆದುಕೊಟ್ಟರು. ಗಣಪತಿ ಚಂದಾ ಲೆಕ್ಕ. ಮುಂದಿನ ಸಲ ಮುಖ್ಯೋಪಾಧ್ಯಾಯಿನಿ ಜೊತೆ ಹೋದೆ. ಅವರ ಹಳೇ ವಿದ್ಯಾರ್ಥಿಯ ಅಂಗಡಿ. ‘ವ್ಯಾನಿಗೆ ತಿಂಗಳಿಗೆ ಒಂಬತ್ತು ಸಾವಿರದ ಡೀಸೆಲ್ ಬೇಕು ಕಣಪ್ಪ. ಎರಡು ತಿಂಗಳದ್ದು ನೀನು ನೋಡ್ಕೋತೀಯಾ?’ ಅಷ್ಟು ಹೇಳಿ ಸುಮ್ಮನಾದರು. ನನಗೆ ತಡೆಯಲಾಗದೆ ಏನೋ ಹೇಳಲು ಬಾಯಿ ತೆರೆದೆ, ಮೇಜಿನ ಕೆಳಗೆ ಕಾಲು ತುಳಿದರು. ಅರ್ಧ ನಿಮಿಷ ಕಳೆಯಿತು. ಆತ ಹದಿನೆಂಟು ಸಾವಿರ ಬರೆದ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ನಾನು ಕಲಿಯದ ವಿದ್ಯೆ ಅದು.

ಕಾಲ ನೋಡಿ ಕೇಳೋದನ್ನೂ ಕಲಿತೆವು. ತೋಟದವರನ್ನು ಜುಲೈ ಮಳೆಯಲ್ಲಿ ಕೇಳಿ ಏನು ಪ್ರಯೋಜನ? ಕೊಯ್ಲು ಮುಗಿದು ಅಡಿಕೆ ಮಾರಿದ ಮೇಲೆ ಹೋಗಬೇಕು. ಸಂಬಳದವರನ್ನು ಜನವರಿ, ಫೆಬ್ರವರಿಯಲ್ಲಿ. ಮಾರ್ಚಿ ಮುಗಿಯುವಷ್ಟರಲ್ಲಿ ತೊಂಬತ್ತು ಹೆಸರಿನಲ್ಲಿ ಅರವತ್ತೊಂದು ಮನೆ ಮುಟ್ಟಿದೆವು, 3,40,000 ಬಂತು. ಖರ್ಚು ಪೆಟ್ರೋಲಿನದು ಮಾತ್ರ. ಕಾಫಿ ಅವರದ್ದೇ. ಕೊನೆಯ ಕೆಲವು ಮನೆಗಳಿಗೆ ಹೋಗುವಷ್ಟರಲ್ಲಿ ಕೊರೋನಾ ಬಂತು. ಮುಂದಿನ ಎರಡು ವರ್ಷ ಫೋನಿನಲ್ಲೇ ಕೇಳಿದೆವು. ಒಮ್ಮೆ ಮನೆಗೆ ಹೋಗಿ ಬಂದಿದ್ದರಿಂದ ಯಾರೂ ಫೋನ್ ಕಟ್ ಮಾಡಲಿಲ್ಲ.

ತೆರಿಗೆ ವಿಷಯದಲ್ಲಿ ಎಡವಿದ್ದೂ ಇದೆ. 80ಜಿಯಲ್ಲಿ ನಮ್ಮಂಥ ಟ್ರಸ್ಟಿಗೆ ಕೊಟ್ಟ ಹಣದ ಅರ್ಧದಷ್ಟಕ್ಕೆ ವಿನಾಯಿತಿ. ಆದರೆ 2,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಅದೂ ಇಲ್ಲ. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಈ ವಿನಾಯಿತಿಯೇ ಸಿಗಲ್ಲ, ಹಾಗಾಗಿ ಈಗ ‘ಟ್ಯಾಕ್ಸ್ ಉಳಿಯುತ್ತೆ’ ಅನ್ನೋ ಮಾತಿಂದ ಶುರು ಮಾಡೋದನ್ನೇ ಬಿಟ್ಟಿದ್ದೇವೆ. 2021-22ರ ಲೆಕ್ಕದಿಂದ ದಾನಿಗಳ ವಿವರವನ್ನು ಫಾರಂ 10ಬಿಡಿಯಲ್ಲಿ ಮೇ 31ರೊಳಗೆ ಸಲ್ಲಿಸಬೇಕಾಯಿತು. ತಡವಾದರೆ ದಿನಕ್ಕೆ 200 ರೂಪಾಯಿ. ಪ್ಯಾನ್ ನಂಬರ್ ಕೇಳಿದರೆ ಕೆಲವರು ‘ರಸೀದಿನೇ ಬೇಡ ಬಿಡಿ’ ಅಂದುಬಿಡುತ್ತಾರೆ.

ಹೊಟ್ಟೆ ಉರಿದಿದ್ದು ಅಮೆರಿಕದ ದುಡ್ಡಿನ ವಿಷಯದಲ್ಲಿ. ಟ್ರಸ್ಟಿಯೊಬ್ಬರ ಸೊಸೆ ಅಲ್ಲಿನ ಕನ್ನಡದ ಗೆಳತಿಯರಿಂದ ಎರಡು ಲಕ್ಷದಷ್ಟು ಕೂಡಿಸಿದ್ದಳು. ವಿದೇಶಿ ದೇಣಿಗೆ ಪಡೆಯೋಕೆ ಬೇಕಾದ ಎಫ್‌ಸಿಆರ್‌ಎ ನೋಂದಣಿ ನಮಗಿಲ್ಲ. ಅಲ್ಲಿನ ಪೌರತ್ವ ಪಡೆದವರು ಶಿವಮೊಗ್ಗದಲ್ಲೇ ಹುಟ್ಟಿದ್ದರೂ ಕಾನೂನಿನ ಕಣ್ಣಿಗೆ ವಿದೇಶಿಯರು, ಅವರ ಹಣ ಮುಟ್ಟುವ ಹಾಗಿಲ್ಲ. ಭಾರತದ ಪಾಸ್‌ಪೋರ್ಟ್ ಇನ್ನೂ ಇಟ್ಟುಕೊಂಡಿದ್ದ ಇಬ್ಬರಿಂದ, ಅವರ ಸ್ವಂತ ಉಳಿತಾಯದ್ದು ಮಾತ್ರ, ಬ್ಯಾಂಕ್ ಮೂಲಕ ತಗೊಂಡೆವು. ಉಳಿದವರಿಗೆ ಬೇಡ ಅಂತ ಪತ್ರ ಬರೆದೆ. ದಾನ ಬೇಡ ಅಂತ ಬರೆಯೋದು ಕೇಳೋದಕ್ಕಿಂತ ಕಷ್ಟ.

ಗಾಲಾ ಎಲ್ಲಿಯೂ ಬೇಡ ಅಂತ ನಾನು ಹೇಳಲ್ಲ. ಬೆಂಗಳೂರಿನಲ್ಲಿ ಟೇಬಲ್ ಹಿಡಿಯುವ ಕಂಪನಿಗಳಿವೆ, ಖರ್ಚು ಪೂರ್ತಿ ಹೊರುವ ಒಬ್ಬರು ಸಿಕ್ಕರೆ ಲೆಕ್ಕವೇ ಬೇರೆ. ಆದರೆ ಅದನ್ನು ಸಿಎಸ್‌ಆರ್ ಹಣದಿಂದ, ಅಂದರೆ ಕಂಪನಿಗಳು ಕಾನೂನಿನಂತೆ ಸಮಾಜಕ್ಕಾಗಿ ಖರ್ಚು ಮಾಡಬೇಕಾದ ಹಣದಿಂದ, ಮಾಡಿಸೋಣ ಅಂದುಕೊಂಡರೆ ಕಷ್ಟ. ಮ್ಯಾರಥಾನ್, ಪ್ರಶಸ್ತಿ ಸಮಾರಂಭದಂಥ ಒಂದು ಸಲ ಮಾಡಿ ಮುಗಿಸುವ ಕಾರ್ಯಕ್ರಮ ಸಿಎಸ್‌ಆರ್ ಲೆಕ್ಕಕ್ಕೆ ಬರಲ್ಲ ಅಂತ 2014ರಲ್ಲೇ ಸರ್ಕಾರ ಸುತ್ತೋಲೆ ಹೊರಡಿಸಿತ್ತು. ಇನ್ನೊಂದನ್ನೂ ಹೇಳಬೇಕು. ಆ ರಸಮಂಜರಿ ರಾತ್ರಿ ಕೊನೆಯ ಸಾಲಿನಲ್ಲಿ ಕೂತಿದ್ದ ಒಬ್ಬರು, ಹುಡುಗಿ ಅತ್ತಿದ್ದು ನೋಡಿ ಬೇಜಾರಾಗಿ ಮಾರನೇ ದಿನ ಕೇಂದ್ರಕ್ಕೇ ಬಂದರು. ಮೊದಲು ನಮಗೆ ಬೈದರು. ಈಗ ಒಬ್ಬ ಟೀಚರ್ ಸಂಬಳದ ಅರ್ಧ ಅವರದ್ದು.

ಈಗ ವರ್ಷಕ್ಕೊಮ್ಮೆ ಒಂದು ಶನಿವಾರ ಮಧ್ಯಾಹ್ನ ದಾನಿಗಳನ್ನು ಕೇಂದ್ರಕ್ಕೆ ಕರೆಯುತ್ತೇವೆ. ಚಿತ್ರಾನ್ನ, ಕೇಸರಿಬಾತ್. ಶಾಲಿಲ್ಲ, ಭಾಷಣವಿಲ್ಲ, ಅವತ್ತು ಹಣದ ಮಾತೂ ಇಲ್ಲ. ಕಳೆದ ಸಲ ಹನ್ನೊಂದು ಸಾವಿರ ಖರ್ಚಾಯಿತು. ಆ ಹುಡುಗಿ ವಾಕರ್ ಹಿಡಿದು ಬಾಗಿಲಿಂದ ಗೇಟಿನವರೆಗೆ ನಡೆದಳು. ಎಲ್ಲರೂ ಕೈಯಲ್ಲಿ ತಟ್ಟೆ ಹಿಡಿದುಕೊಂಡೇ ಹಿಂದೆ ಹಿಂದೆ ಹೋದರು.

ಈ ವರ್ಷ ಹೊಸ ಟ್ರಸ್ಟಿಯೊಬ್ಬರು ಬಂದಿದ್ದಾರೆ. ಉತ್ಸಾಹಿ. ‘ಒಂದು ಗ್ರ್ಯಾಂಡ್ ಸಂಗೀತ ಸಂಜೆ ಮಾಡಿಬಿಡೋಣ ಸಾರ್, ನನಗೆ ಆರ್ಟಿಸ್ಟ್‌ಗಳು ಗೊತ್ತು’ ಅಂದಿದ್ದಾರೆ. ಮುಂದಿನ ಭಾನುವಾರ ಸಭೆ. 2018ರ ಆ ಹಾಳೆಯನ್ನು ಫೈಲಿನಲ್ಲಿ ಮೇಲುಗಡೆಯೇ ಇಟ್ಟಿದ್ದೇನೆ. ಅವರಿಂದ ಹತ್ತು ಹೆಸರಿನ ಪಟ್ಟಿ ಇನ್ನೂ ಬಂದಿಲ್ಲ.