ಆರು ಪ್ಯಾನೆಲ್, ಒಂದು ಚುಕ್ಕಿ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಕಂಟ್ರೋಲ್ ರೂಮಿಗೆ ಹೋದ ವರ್ಷ ವಿಡಿಯೊ ವಾಲ್, ಅಂದರೆ ಹಲವು ಪರದೆ ಜೋಡಿಸಿ ಮಾಡಿದ ಒಂದೇ ದೊಡ್ಡ ಪರದೆ, ಹಾಕಿಕೊಟ್ಟೆ. 55 ಇಂಚಿನ ಆರು ಪ್ಯಾನೆಲ್. ಅಡ್ಡಕ್ಕೆ ಮೂರು, ಎತ್ತರಕ್ಕೆ ಎರಡು. ಎಲ್ಲ ಸೇರಿ ಸುಮಾರು 12 ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರ. ಆಯುಧಪೂಜೆಯೊಳಗೆ ಮುಗಿಸಿಕೊಡಿ ಅಂದಿದ್ದರು.

ಸಾಮಾನು ತರಿಸುವ ಮುಂಚೆ ಒಂದು ರಾತ್ರಿ ಅಲ್ಲೇ ಕೂತೆ. ನೈಟ್ ಶಿಫ್ಟಿನ ಆಪರೇಟರ್ ಹೇಳಿದರು: "ಸಾರ್, ಬಾಯ್ಲರ್ ಪ್ರೆಶರ್ರು, ನೀರಿನ ಲೆವೆಲ್ಲು ಕುರ್ಚಿಯಿಂದ ಏಳದೇ ಕಾಣಿಸ್ಬೇಕು. ಕ್ಯಾಮೆರಾ ಎಲ್ಲಿದ್ರೂ ನಡೆಯತ್ತೆ." ಇಡೀ ಗೋಡೆಯ ನಕ್ಷೆ ಈ ಮಾತಿನಿಂದಲೇ ಹುಟ್ಟಿತು. ಅಂಕಿಗಳೆಲ್ಲ ಕೆಳಸಾಲಿಗೆ, ಕೂತವರ ಕಣ್ಣಿನ ಮಟ್ಟಕ್ಕೆ. ಕ್ಯಾಮೆರಾಗಳು ಮೇಲಿನ ಸಾಲಿಗೆ.

ಕೋಣೆಯ ಗೋಡೆ ಜಿಪ್ಸಮ್ ಬೋರ್ಡಿನದು. ಒಂದೊಂದು ಪ್ಯಾನೆಲ್ಲೂ 20 ಕೆಜಿ ದಾಟುತ್ತದೆ, ಅದನ್ನು ಹಿಡಿದಿಡುವ ಮೌಂಟಿನ ತೂಕ ಬೇರೆ. ಬೋರ್ಡನ್ನು ನಂಬಲೇ ಇಲ್ಲ. ನೆಲಕ್ಕೂ ಹಿಂದಿನ ಇಟ್ಟಿಗೆ ಗೋಡೆಗೂ ಬೋಲ್ಟ್ ಹಾಕಿ ಕಬ್ಬಿಣದ ಫ್ರೇಮ್ ನಿಲ್ಲಿಸಿದೆವು. ಒತ್ತಿದರೆ ಮುಂದಕ್ಕೆ ಬರುವ ಮೌಂಟನ್ನೇ ಹಾಕಿದೆ. ದುಬಾರಿ, ನಿಜ. ಆದರೆ ಒಂದು ಕೇಬಲ್ ಸಡಿಲವಾದರೂ ಇಡೀ ಗೋಡೆ ಬಿಚ್ಚುವ ಕೆಲಸ ತಪ್ಪುತ್ತದೆ.

ಮೊದಲು ಕೂರಿಸಿದ್ದು ಕೆಳಸಾಲಿನ ನಡುವಿನ ಪ್ಯಾನೆಲ್. ಅದೊಂದಕ್ಕೇ ಅರ್ಧ ದಿನ ಹಿಡಿಯಿತು. ಲೇಸರ್ ಲೆವೆಲ್ ಇದ್ದರೂ ರಸಮಟ್ಟ ಇಟ್ಟು ಇನ್ನೊಮ್ಮೆ ನೋಡಿದೆ. ಇಲ್ಲಿ ಅರ್ಧ ಮಿಲಿಮೀಟರ್ ವಾಲಿದರೆ ಮೇಲಿನ ಮೂಲೆಗೆ ಹೋಗುವಷ್ಟರಲ್ಲಿ ಸಂದಿ ಕಣ್ಣಿಗೆ ಹೊಡೆಯುತ್ತದೆ. ಹಾಗಂತ ಅಂಚಿಗೆ ಅಂಚು ಒತ್ತಿ ಕೂರಿಸಬಾರದು. ಬಿಸಿಗೆ ಪ್ಯಾನೆಲ್ ಹಿಗ್ಗುತ್ತದೆ, ಮೂಲೆಯ ಮೇಲೆ ಒತ್ತಡ ಬೀಳುತ್ತದೆ.

ಕಂಪ್ಯೂಟರ್ ಇರುವ ಪಕ್ಕದ ಕೋಣೆಯ ರ‍್ಯಾಕಿನಿಂದ 25 ಮೀಟರ್ ದೂರ. ಚಿತ್ರ ಸಾಗಿಸುವ ಸಾಮಾನ್ಯ ಎಚ್‌ಡಿಎಂಐ ಕೇಬಲ್ ಅಷ್ಟು ದೂರಕ್ಕೆ ಆಗದು, ಫೈಬರ್ ಎಚ್‌ಡಿಎಂಐ ತಂದೆ. ಅದಕ್ಕೆ ದಿಕ್ಕಿದೆ. ಒಂದು ತುದಿ ಕಂಪ್ಯೂಟರ್ ಕಡೆಗೆ, ಇನ್ನೊಂದು ಪರದೆ ಕಡೆಗೆ. ಒಂದನ್ನು ಉಲ್ಟಾ ಎಳೆದುಬಿಟ್ಟೆವು, ಪೈಪಿನಿಂದ ಮತ್ತೆ ಹೊರಗೆ ತೆಗೆಯಬೇಕಾಯಿತು. ಈಗ ನೆಲದ ಮೇಲೆ ಜೋಡಿಸಿ, ಚಿತ್ರ ಬಂದ ಮೇಲೆಯೇ ಎಳೆಯುತ್ತೇನೆ.

ನನ್ನನ್ನು ನಿಜಕ್ಕೂ ಹೆದರಿಸಿದ್ದು ಒಂದು ಚುಕ್ಕಿ. ಎರಡು ಪ್ಯಾನೆಲ್ ನಡುವಿನ ಕಪ್ಪು ಪಟ್ಟಿ 3.5 ಮಿಲಿಮೀಟರ್. ಗೆರೆಗಳು ಮುರಿದ ಹಾಗೆ ಕಾಣಬಾರದು ಅಂತ ಬೆಜೆಲ್ ಕರೆಕ್ಷನ್, ಅಂದರೆ ಅಂಚಿನ ಪಟ್ಟಿಯನ್ನೂ ಲೆಕ್ಕಕ್ಕೆ ಹಿಡಿಯುವ ಸೆಟ್ಟಿಂಗ್, ಆನ್ ಮಾಡಿದ್ದೆ. ಆಗ ಪಟ್ಟಿಯ ಹಿಂದೆ ಬರುವ ಚಿತ್ರ ತೋರಿಸದೆ ಬಿಟ್ಟುಹೋಗುತ್ತದೆ. ಈ ಪರದೆಯಲ್ಲಿ ಒಂದು ಪಿಕ್ಸೆಲ್ ಸುಮಾರು 0.63 ಮಿಲಿಮೀಟರ್, ಅಂದರೆ ಐದಾರು ಪಿಕ್ಸೆಲ್ ಮಾಯ. ಕ್ಯಾಮೆರಾ ಚಿತ್ರಕ್ಕೆ ಚಂದ. ಆದರೆ ಪರದೆಯಲ್ಲಿ ಪ್ರೆಶರ್ ತೋರಿಸುವ ಕಿಟಕಿ ಸಂದಿಯ ಮೇಲೆ ಬಂದಿತ್ತು. 10.5 ಇರಬೇಕಾದ ಕಡೆ 10, ಆಮೇಲೆ ಕಪ್ಪು ಪಟ್ಟಿ, ಆಮೇಲೆ 5. ಚುಕ್ಕಿಯೇ ಇಲ್ಲ! "ಸಾರ್, ಇದು 105 ಅಲ್ಲ ಅಲ್ವಾ?" ಅಂದರು ಅದೇ ಆಪರೇಟರ್.

ತಕ್ಷಣ ಕರೆಕ್ಷನ್ ಆಫ್ ಮಾಡಿದೆ. ಅಂಕಿ ತೋರಿಸುವ ಪ್ರತಿ ಕಿಟಕಿಯನ್ನೂ ಒಂದೇ ಪ್ಯಾನೆಲ್ ಒಳಗೆ ಕೂರಿಸಿದೆ. ದೊಡ್ಡ ಕ್ಯಾಮೆರಾ ಚಿತ್ರದಲ್ಲಿ ಪೈಪುಗಳು ಈಗ ಸಂದಿಯ ಹತ್ತಿರ ಸ್ವಲ್ಪ ಜರುಗಿದ ಹಾಗೆ ಕಾಣುತ್ತವೆ. ಕಾಣಲಿ. ಕಂಟ್ರೋಲ್ ರೂಮಿನ ಗೋಡೆ ಇರುವುದು ಅಂಕಿ ಓದುವುದಕ್ಕೆ.

ಬಣ್ಣ ಹೊಂದಿಸಲು ಪೂರ್ತಿ ಬೂದು ಚಿತ್ರ ಹಾಕಿ, ಅತಿ ಮಂಕಾದ ಪ್ಯಾನೆಲ್ಲಿನ ಮಟ್ಟಕ್ಕೆ ಉಳಿದವನ್ನು ಇಳಿಸಿದೆ. ಬೆಳಕು ಜಾಸ್ತಿ ಇಟ್ಟರೆ ರಾತ್ರಿ ಕಣ್ಣು ಉರಿಯುತ್ತದೆ, ಅರ್ಧಕ್ಕೆ ಇಳಿಸಿದೆವು. ದಿನವಿಡೀ ಒಂದೇ ಚಿತ್ರ ನಿಂತರೆ ಅದರ ನೆರಳು ಪರದೆಯಲ್ಲಿ ಉಳಿಯುತ್ತದೆ. ಹಾಗಾಗಿ ಶಿಫ್ಟ್ ಬದಲಾಗುವಾಗ ಒಂದೊಂದೇ ಪ್ಯಾನೆಲ್ಲಿಗೆ ಹತ್ತು ನಿಮಿಷ ಚಲಿಸುವ ಚಿತ್ರ ಓಡುತ್ತದೆ.

ಆಯುಧಪೂಜೆಗೆ ನನ್ನನ್ನೂ ಕರೆದಿದ್ದರು. ಪ್ಯಾನೆಲ್ಲಿಗೆ ಕುಂಕುಮ ಹಚ್ಚಲು ಬಂದ ಹುಡುಗನಿಗೆ "ಬೇಡಪ್ಪ, ಪುಡಿ ಸಂದಿಗೆ ಇಳಿಯುತ್ತೆ, ಫ್ರೇಮಿಗೆ ಹಚ್ಚು" ಅಂದೆ. ಸೇವಂತಿಗೆ ಹಾರ ಕಟ್ಟಿದ್ದು ಆ ಆಪರೇಟರ್. ಕುರ್ಚಿಯಲ್ಲಿ ಕೂತು ನೋಡಿದರು, ಎದ್ದು ಹಾರವನ್ನು ಒಂದು ಗೇಣು ಮೇಲಕ್ಕೆ ಎಳೆದರು. ಪ್ರೆಶರಿನ ಅಂಕಿಗೆ ಅದು ಅಡ್ಡ ಬರುತ್ತಿತ್ತು.